ಬೀಡು, ಬಂಗಲೆ, ಮಂಜಿಲ್: ಸುರಪುರದ ಟೇಲರ್ ಮಂಜಿಲ್‌ನ ಒಡೆತನ ಮತ್ತು ವಾಸದ ಚರಿತ್ರೆ

ಪೀಠಿಕೆ

ಕೋಟೆ, ದೇವಾಲಯ ಮತ್ತು ಅರಮನೆಗಳ ಚರಿತ್ರೆಯನ್ನು ಬರೆಯುವುದಕ್ಕೆ ಕನ್ನಡ ಸಂಶೋಧನೆಯಲ್ಲಿ ದೀರ್ಘವಾದ ಪರಂಪರೆಯಿದೆ. ಅವುಗಳಿಗೆ ಶಾಸನದ ಆಧಾರವಿರುತ್ತದೆ. ಕಟ್ಟಿಸಿದವನ ಬಿರುದು, ದತ್ತಿ ಕೊಟ್ಟವನ ಹೆಸರು, ತಿಥಿ, ವಾರಗಳು ಕಲ್ಲಿನ ಮೇಲೆ ದೊರೆಯುತ್ತವೆ. ರಾಯಚೂರು ಕೋಟೆಯ 1294ರ ಶಾಸನ ಇದಕ್ಕೆ ಸಮೀಪದ ನಿದರ್ಶನ. ಜನರು ವಾಸಿಸುವ ಮನೆಗೆ ಇಂಥ ಅನುಕೂಲವಿಲ್ಲ. ಮನೆಯ ಚರಿತ್ರೆ ಕಾಗದಪತ್ರಗಳಲ್ಲಿ, ಜನರ ಬಾಯಿಯಲ್ಲಿ, ಹಲವೊಮ್ಮೆ ಮನೆಯ ಹೆಸರಿನಲ್ಲಿ ಮಾತ್ರ ಉಳಿದಿರುತ್ತದೆ. ಮೇಲಾಗಿ ಮನೆಯನ್ನು ಕಟ್ಟಿಸಿದವನು, ಅದರ ಒಡೆಯ ಮತ್ತು ಅದರಲ್ಲಿ ವಾಸಿಸುವವನು ಒಬ್ಬನೇ ಆಗಿರಬೇಕೆಂಬ ನಿಯಮವಿಲ್ಲ. ಈ ಮೂವರನ್ನು ಬೇರ್ಪಡಿಸಿ ನೋಡಿದಾಗ ಒಂದು ಮನೆಯ ಚರಿತ್ರೆ ಒಂದು ಪ್ರದೇಶದ ಅಧಿಕಾರ ಚರಿತ್ರೆಯಾಗಿಯೂ ಅದರ ಭಾಷಾ ಚರಿತ್ರೆಯಾಗಿಯೂ ತೋರತೊಡಗುತ್ತದೆ.

ಸುರಪುರದ ಟೇಲರ್ ಮಂಜಿಲ್ ಈ ದೃಷ್ಟಿಯಿಂದ ಅಧ್ಯಯನಕ್ಕೆ ಯೋಗ್ಯವಾದ ಕಟ್ಟಡವಾಗಿದೆ. 1840ರ ದಶಕದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯ ವಾಸಕ್ಕೆಂದು ಎದ್ದ ಈ ಬಂಗಲೆ ಸಂಸ್ಥಾನ, ಬ್ರಿಟಿಷ್ ಆಡಳಿತ, ನಿಜಾಮ ಸರ್ಕಾರ, ಸ್ವಾತಂತ್ರ್ಯೋತ್ತರ ಹೈದರಾಬಾದ್ ರಾಜ್ಯ ಮತ್ತು ಏಕೀಕೃತ ಕನ್ನಡ ರಾಜ್ಯ ಎಂಬ ಐದು ಆಡಳಿತಗಳ ಕೈ ದಾಟಿ ಬಂದಿದೆ. ಒಡೆತನ ಇಷ್ಟು ಸಲ ಬದಲಾದರೂ ಹೆಸರು ಬದಲಾಗಲಿಲ್ಲ. ಒಡೆಯರು ಬದಲಾದಂತೆ ಹೆಸರು ಏಕೆ ಬದಲಾಗಲಿಲ್ಲ ಮತ್ತು ಉಳಿದ ಆ ಹೆಸರು ಯಾರನ್ನು ನೆನಪಿನಲ್ಲಿಟ್ಟು ಯಾರನ್ನು ಮರೆಸಿತು ಎಂಬುದೇ ಪ್ರಸ್ತುತ ಲೇಖನದ ವಿಚಾರ.

1. ಕೃಷ್ಣೆಯ ಎರಡು ದಡಗಳು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋ-ಆಬ್ ಪ್ರದೇಶದಲ್ಲಿ ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರುಗಳು ಸೇರುತ್ತವೆ. ಸುರಪುರವಿರುವುದು ಕೃಷ್ಣೆಯ ಉತ್ತರದ ದಡದಲ್ಲಿ. ಆದರೆ ಚರಿತ್ರೆಯಲ್ಲಿ ನದಿ ಈ ಎರಡು ದಡಗಳನ್ನು ಅಗಲಿಸಿದ್ದಕ್ಕಿಂತ ಕೂಡಿಸಿದ್ದೇ ಹೆಚ್ಚು. ದೇವದುರ್ಗ ಬೇಡ ಪಾಳೆಯಗಾರರ ಬಲವಾದ ನೆಲೆಯಾಗಿತ್ತು. ಸುರಪುರದ ದೊರೆಗಳೂ ಬೇಡ ನಾಯಕರೇ. ದೇವದುರ್ಗದಿಂದ ಸುರಪುರಕ್ಕೆ ಹೋಗುವ ದಾರಿ ನದಿಯನ್ನು ದಾಟುವ ತಿಂಥಣಿ, ಮೌನೇಶ್ವರನ ಜಾತ್ರೆಯ ಮೂಲಕ ಎರಡೂ ದಡದ ಜನರಿಗೆ ಸೇರಿದ ಕ್ಷೇತ್ರವಾಗಿದೆ. ನಿಜಾಮರ ಕಾಲದಲ್ಲಿ ಸುರಪುರ ಲಿಂಗಸುಗೂರು ಜಿಲ್ಲೆಗೆ ಸೇರಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದುಗೊಳಿಸಿದಾಗ ಲಿಂಗಸುಗೂರು ರಾಯಚೂರಿಗೂ ಸುರಪುರ ಗುಲಬರ್ಗಾಕ್ಕೂ ಸೇರಿದವು. 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಸುರಪುರ ಅದರ ಭಾಗವಾಯಿತು. ಆದ್ದರಿಂದ ಟೇಲರ್ ಮಂಜಿಲ್‌ನ ಕಥೆಯನ್ನು ದೋ-ಆಬ್‌ನಿಂದ ಬೇರ್ಪಡಿಸಿ ಹೇಳುವುದು ಇಂದಿನ ಜಿಲ್ಲಾ ಗಡಿಯನ್ನು ಹಿಂದಿನ ಕಾಲದ ಮೇಲೆ ಹೊರಿಸಿದಂತಾಗುತ್ತದೆ.

ಸುರಪುರ ಸಂಸ್ಥಾನದ ಮೊದಲ ರಾಜಧಾನಿ ವಾಗಿಣಗೇರಿ. 1705ರಲ್ಲಿ ಔರಂಗಜೇಬನು ಸ್ವತಃ ನಿಂತು ಮುತ್ತಿಗೆ ನಡೆಸಿ ಅದನ್ನು ವಶಪಡಿಸಿಕೊಂಡನು. ಅವನ ಜೀವಿತದ ಕೊನೆಯ ದೊಡ್ಡ ಮುತ್ತಿಗೆ ಅದು. ಅನಂತರ ಗುಡ್ಡಗಳ ನಡುವಿನ ಸುರಪುರ ನಾಯಕರ ನೆಲೆಯಾಗಿ ಬೆಳೆಯಿತು. ಹೀಗೆ ಒಂದು ನೆಲೆಯನ್ನು ಕಳೆದುಕೊಂಡು ಮತ್ತೊಂದನ್ನು ಕಟ್ಟಿಕೊಂಡ ಅನುಭವ ಟೇಲರನ ಬಂಗಲೆ ಏಳುವುದಕ್ಕೆ ಮೊದಲೇ ಈ ಊರಿಗೆ ಇದ್ದಿತು.

2. ಕಟ್ಟಿಸಿದವನು

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದನು. ಹದಿಹರೆಯದಲ್ಲಿ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದು, 1824ರಲ್ಲಿ ಹೈದರಾಬಾದ್ ನಿಜಾಮನ ಸೈನ್ಯವನ್ನು ಸೇರಿದನು. 1839ರಲ್ಲಿ ಪ್ರಕಟವಾದ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಯಿಂದ ಅವನಿಗೆ ಇಂಗ್ಲೆಂಡಿನಲ್ಲಿ ಹೆಸರು ಬಂದಿತು. ಸುರಪುರದ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮ ಮತ್ತು ಬಾಲಕನ ಚಿಕ್ಕಪ್ಪ ಪಿಡ್ಡ ನಾಯಕ ಇವರ ನಡುವೆ ಅಧಿಕಾರದ ಪ್ರಶ್ನೆ ಎದ್ದಿತು. ಸಂಸ್ಥಾನದ ಸಾಲ ಮತ್ತು ನಿಜಾಮನಿಗೆ ಸಲ್ಲಬೇಕಾದ ಬಾಕಿಯ ಪ್ರಶ್ನೆಯೂ ಜೊತೆಗಿತ್ತು. ಈ ಸಂದರ್ಭದಲ್ಲಿ, 1841ರ ಕೊನೆಯ ಹೊತ್ತಿಗೆ, ಟೇಲರನನ್ನು ಅಲ್ಲಿಗೆ ಕಳುಹಿಸಲಾಯಿತು. ಅಲ್ಲಿಂದ 1853ರವರೆಗೆ ಸಂಸ್ಥಾನದ ಆಡಳಿತ ಅವನ ಕೈಯಲ್ಲಿತ್ತು.

ಈ ಅವಧಿಯಲ್ಲಿ ಊರಿನ ಜನವಸತಿಗೆ ಹೊರಗಾಗಿ, ಗುಡ್ಡದ ಮೇಲೆ, ಊರು ಕಣ್ಣಳತೆಯಲ್ಲಿರುವಂತೆ ಬಂಗಲೆ ಎದ್ದು ನಿಂತಿತು. ಈ ಸ್ಥಳದ ಆಯ್ಕೆ ಕೇವಲ ವೈಯಕ್ತಿಕ ಅಭಿರುಚಿಯದಲ್ಲ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಮಧ್ಯಮವರ್ಗದವರು ಪೇಟೆಯ ಇಕ್ಕಟ್ಟನ್ನು ಬಿಟ್ಟು ಊರ ಹೊರವಲಯದಲ್ಲಿ ಮನೆ ಮಾಡತೊಡಗಿದ್ದರು. ಭಾರತದಲ್ಲಿ ಅದೇ ಪ್ರವೃತ್ತಿ ಆಳುವವರ ಮತ್ತು ಆಳಿಸಿಕೊಳ್ಳುವವರ ನಡುವಿನ ಅಂತರವಾಗಿ ರೂಪುಗೊಂಡಿತು. ಲಿಂಗಸುಗೂರಿನಲ್ಲಿ ದಂಡಿನ ಛಾವಣಿ ಊರಿನಿಂದ ಬೇರೆಯಾಗಿ ನಿಂತಿತು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ಕಡೆಯ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಅಲ್ಲಿಯೂ ಕೋಟೆಯ ಹೊರಗಿನ ನೆಲಕ್ಕೆ ಹೊಸ ಬೆಲೆ ಬಂದಿತು. ಸುರಪುರದ ವಿಶೇಷವೆಂದರೆ ಅಲ್ಲಿ ಛಾವಣಿಯ ಸಾಲುಮನೆಗಳಿರಲಿಲ್ಲ. ಬಹುಕಾಲ ಬೇರೆ ಐರೋಪ್ಯರ ಒಡನಾಟವಿಲ್ಲದೆ ಒಬ್ಬನೇ ಇದ್ದ ಅಧಿಕಾರಿಯ ಒಂಟಿ ಬಂಗಲೆ ಅದಾಗಿತ್ತು. ಅವನ ಪತ್ನಿ 1844ರಲ್ಲಿಯೇ ತೀರಿಕೊಂಡಿದ್ದಳು.

ಈ ಒಂಟಿತನ ಬಂಗಲೆಯನ್ನು ಕಚೇರಿಯಷ್ಟೇ ಅಲ್ಲದೆ ಬರವಣಿಗೆಯ ಮನೆಯನ್ನಾಗಿಯೂ ಮಾಡಿತು. ಟೇಲರ್ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಇಲ್ಲಿಂದ ವರದಿ ಕಳುಹಿಸುತ್ತಿದ್ದನು, ಚಿತ್ರ ಬರೆಯುತ್ತಿದ್ದನು, ಸಂಸ್ಥಾನದ ಮೋಜಣಿ ಮಾಡಿಸಿದನು, ಬೋನಾಳದ ಕೆರೆಯನ್ನು ಅಭಿವೃದ್ಧಿಪಡಿಸಿದನು. ರಾಜನಕೋಳೂರು ಮೊದಲಾದೆಡೆಯ ಬೃಹತ್ ಶಿಲಾಸಮಾಧಿಗಳನ್ನು ಕುರಿತ ಅವನ ಬರಹಗಳು ಕರ್ನಾಟಕದ ಪ್ರಾಗಿತಿಹಾಸ ಅಧ್ಯಯನದ ಮೊದಲ ಹೆಜ್ಜೆಗಳಲ್ಲಿ ಸೇರುತ್ತವೆ. ಜನ ಅವನನ್ನು 'ಮಹಾದೇವ ಬಾಬಾ' ಎಂದು ಕರೆದರೆಂಬ ಸಂಗತಿಯೂ ಪ್ರಸಿದ್ಧವಾಗಿದೆ.

3. ಒಡೆತನದ ಕೈಬದಲು

ಟೇಲರ್ ಬಂಗಲೆಯಲ್ಲಿ ವಾಸಿಸಿದನು. ಆದರೆ ಅದು ನಿಂತ ನೆಲದ ಒಡೆಯನಾಗಿರಲಿಲ್ಲ. ನೆಲ ಸಂಸ್ಥಾನದ್ದು, ಅಧಿಕಾರ ಬಾಲಕ ರಾಜನ ಹೆಸರಿನದು. ಟೇಲರನದು ಹೊಣೆ ಮಾತ್ರ. 1853ರಲ್ಲಿ ವೆಂಕಟಪ್ಪ ನಾಯಕನು ಪ್ರಾಪ್ತ ವಯಸ್ಕನಾಗಿ ಅಧಿಕಾರ ವಹಿಸಿಕೊಂಡಾಗ ಟೇಲರ್ ಸುರಪುರವನ್ನು ಬಿಟ್ಟು ನಳದುರ್ಗಕ್ಕೆ ಹೋದನು. ಅದೇ ವರ್ಷ ನಿಜಾಮನು ತನ್ನ ಹೆಸರಿನ ಸೈನ್ಯದ ವೆಚ್ಚಕ್ಕಾಗಿ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋ-ಆಬ್‌ಗಳನ್ನು ಕಂಪನಿಯ ಆಡಳಿತಕ್ಕೆ ಒಪ್ಪಿಸಬೇಕಾಯಿತು. ಹೀಗೆ 1853ರಲ್ಲಿ ಕೃಷ್ಣೆಯ ದಕ್ಷಿಣ ದಡದ ರಾಯಚೂರು, ಮಾನ್ವಿ, ದೇವದುರ್ಗಗಳು ಕಂಪನಿಯ ಕೈಗೆ ಹೋದ ಹೊತ್ತಿನಲ್ಲೇ ಉತ್ತರದ ದಡದ ಸುರಪುರ ತನ್ನ ರಾಜನ ಕೈಗೆ ಮರಳಿತು.

ಈ ಸ್ಥಿತಿ ಐದು ವರ್ಷವೂ ನಿಲ್ಲಲಿಲ್ಲ. 1857ರ ಬಂಡಾಯದ ಅಲೆಯಲ್ಲಿ ಸುರಪುರ ಪಾಲ್ಗೊಂಡಿತು. 1858ರ ಫೆಬ್ರವರಿಯಲ್ಲಿ ನಡೆದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಯಾದನು. ಮರಣದಂಡನೆ ಮೊದಲು ಗಡೀಪಾರಿಗೆ, ಬಳಿಕ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ, ಅವನು ಗುಂಡೇಟಿನಿಂದ ಮರಣ ಹೊಂದಿದನು. ಟೇಲರನ ಬರಹ ಇದನ್ನು ಆತ್ಮಹತ್ಯೆ ಎನ್ನುತ್ತದೆ. ಸ್ಥಳೀಯ ನೆನಪು ಈ ಮಾತನ್ನು ಸಂಶಯದಿಂದಲೇ ಕಂಡಿದೆ.

ಸುರಪುರದ ಆಡಳಿತಕ್ಕೆ ಮತ್ತೆ ಬಂದವನು ಟೇಲರನೇ. ಆದರೆ ಈ ಸಲ ಅವನು ಬಾಲಕ ರಾಜನ ಪರವಾಗಿ ಬಂದ ಆಡಳಿತಗಾರನಲ್ಲ. ಗೆದ್ದ ಸರ್ಕಾರದ ಅಧಿಕಾರಿ. 1858ರ ನವೆಂಬರ್ 1ರ ಘೋಷಣೆಯಿಂದ ಕಂಪನಿಯ ಆಡಳಿತ ರಾಣಿ ವಿಕ್ಟೋರಿಯಾಳ ಹೆಸರಿಗೆ ಬಂದಿತು. ಶೈಲಿಯಿಂದ ನೋಡಿದರೆ ಬಂಗಲೆ ಮೊದಲಿನಿಂದಲೂ ವಿಕ್ಟೋರಿಯಾ ಕಾಲದ್ದು. ಆದರೆ ಅದು ನಿಂತ ನೆಲ ನೇರವಾಗಿ ವಿಕ್ಟೋರಿಯಾಳ ಹೆಸರಿನ ಆಳ್ವಿಕೆಗೆ ಒಳಪಟ್ಟಿದ್ದು ಆ ನವೆಂಬರ್‌ನಿಂದ 1860ರವರೆಗೆ, ಸುಮಾರು ಎರಡೇ ವರ್ಷ. 1860ರ ಒಪ್ಪಂದದಲ್ಲಿ, ಬಂಡಾಯದ ಕಾಲದ ನಿಷ್ಠೆಗೆ ಪ್ರತಿಯಾಗಿ, ಸುರಪುರವನ್ನು ನಿಜಾಮನಿಗೆ ಕೊಡಲಾಯಿತು. ರಾಯಚೂರು ದೋ-ಆಬ್ ಕೂಡ ಅದೇ ಒಪ್ಪಂದದಿಂದ ಅವನಿಗೆ ಮರಳಿತು. ಏಳು ವರ್ಷ ಬೇರೆ ಬೇರೆ ದಾರಿ ಹಿಡಿದಿದ್ದ ಎರಡೂ ದಡಗಳು ಒಂದೇ ಕಾಗದದ ಮೇಲೆ ಒಬ್ಬನೇ ಒಡೆಯನ ಕೈ ಸೇರಿದವು. ಸುರಪುರದ ಜನರ ಒಪ್ಪಿಗೆಯ ಪ್ರಶ್ನೆ ಅಲ್ಲಿ ಏಳಲಿಲ್ಲ. ಆರೋಗ್ಯ ಕೆಟ್ಟಿದ್ದ ಟೇಲರ್ ಆ ವರ್ಷವೇ ಇಂಗ್ಲೆಂಡಿಗೆ ತೆರಳಿದನು.

ಅಲ್ಲಿಂದ ಮುಂದೆ ಎಂಬತ್ತೆಂಟು ವರ್ಷ ನಿಜಾಮ ಸರ್ಕಾರ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ನಿಜಾಮ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಈ ಭಾಗದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಬಂಗಲೆ ಸರ್ಕಾರಿ ಪ್ರವಾಸಿ ಮಂದಿರವಾಗಿ ಬಳಕೆಗೊಂಡಿತು. ಈ ದೀರ್ಘ ಪಟ್ಟಿಯಲ್ಲಿ ಗಮನಿಸಬೇಕಾದುದು ಒಂದು ಸಂಗತಿ: ಒಡೆತನದ ಯಾವ ಬದಲಾವಣೆಯೂ ಮನೆಯನ್ನು ಕೊಂಡು ಮಾರಿದ್ದರಿಂದ ಆದದ್ದಲ್ಲ. ಒಪ್ಪಂದ, ಯುದ್ಧ, ವಿಲೀನ ಮತ್ತು ಪುನರ್ವಿಂಗಡಣೆಗಳಿಂದ ರಾಜ್ಯ ಕೈಬದಲಾದಾಗ ಮನೆಯೂ ಅದರ ಜೊತೆಗೆ ಹೋಯಿತು.

4. ಹೆಸರಿನ ವಿಚಾರ

ಈ ಮನೆಯ ಹೆಸರಿನಲ್ಲಿ ಎರಡು ಪದಗಳಿವೆ. ಮೊದಲನೆಯದು ಇಂಗ್ಲಿಷ್ ವ್ಯಕ್ತಿನಾಮ. ಎರಡನೆಯದು ಅರಬ್ಬೀ ಮೂಲದಿಂದ ಪಾರಸಿ ಮತ್ತು ಉರ್ದುಗಳ ಮೂಲಕ ಬಂದ 'ಮಂಜಿಲ್'. ಅರಬ್ಬಿಯಲ್ಲಿ ಇದರ ಧಾತುವಿಗೆ 'ಇಳಿ' ಎಂಬ ಅರ್ಥವಿದೆ. ಪ್ರಯಾಣಿಕನು ಒಂಟೆಯಿಂದ ಅಥವಾ ಕುದುರೆಯಿಂದ ಇಳಿದು ತಂಗುವ ಸ್ಥಳವೇ ಮಂಜಿಲ್. ಒಂದು ದಿನದ ಪಯಣದ ಕೊನೆಯ ಘಟ್ಟ, ಗುರಿ, ಮನೆ, ಮನೆಯ ಅಂತಸ್ತು ಎಂಬ ಅರ್ಥಗಳು ಇದರಿಂದ ಬೆಳೆದವು. ಹೈದರಾಬಾದ್ ಸಂಸ್ಥಾನದಲ್ಲಿ ಕಚೇರಿಯ ಭಾಷೆ ಮೊದಲು ಪಾರಸಿಯೂ 1880ರ ದಶಕದಿಂದ ಉರ್ದುವೂ ಆಗಿದ್ದುದನ್ನು ನೆನೆದರೆ, ಇಂಗ್ಲಿಷನೊಬ್ಬನ ಹೆಸರಿಗೆ ಈ ಪದ ಅಂಟಿದ್ದು ಸಹಜವೇ ಎನಿಸುತ್ತದೆ.

ಕನ್ನಡಕ್ಕೆ ಈ ಕಲ್ಪನೆ ಹೊಸದಲ್ಲ. 'ಕೆಡು' ಧಾತುವಿನಿಂದ 'ಕೇಡು', 'ಪಡು'ವಿನಿಂದ 'ಪಾಡು' ಆದಂತೆ 'ಬಿಡು' ಧಾತುವಿನಿಂದ 'ಬೀಡು' ಆಗಿದೆ. ದಂಡು ಬಂಡಿಗಳನ್ನು ಬಿಟ್ಟು ತಂಗುವ ಜಾಗವೇ ಬೀಡು. ಶಾಸನಗಳಲ್ಲಿ ರಾಜಧಾನಿಗೆ ಬಳಕೆಯಾಗುವ 'ನೆಲೆವೀಡು' ಎಂಬ ಪದ ಈ ಅರ್ಥವನ್ನೇ ಇನ್ನೊಂದು ಮಜಲಿಗೆ ಒಯ್ಯುತ್ತದೆ: ಅದು ಸ್ಥಿರವಾಗಿ ನಿಂತ ಬಿಡಾರ. ಅರಸನ ರಾಜಧಾನಿಯನ್ನೂ ತಂಗುದಾಣದ ಪದದಿಂದಲೇ ಹೇಳಿದ ಭಾಷೆ ಕನ್ನಡ. ಈ ಭಾಗದ ಆಡುಮಾತಿನಲ್ಲಿರುವ 'ಮುಕ್ಕಾಮು' ಪದವೂ ಅರಬ್ಬೀ ಮೂಲದ್ದೇ. ಅದರ ಅರ್ಥವೂ ತಂಗುವಿಕೆಯೇ.

ಮನೆಯನ್ನು ಸೂಚಿಸುವ ಇತರ ಪದಗಳೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ದೇಸಾಯಿ, ಗೌಡರ ಮನೆಗಳಿಗೆ ಈ ಭಾಗದಲ್ಲಿ 'ವಾಡೆ' ಎನ್ನುತ್ತಾರೆ. ವಾಡೆ ವಂಶದೊಡನೆ ಕೂಡಿದ ಪದ. ಅದರ ಒಡೆತನ ತಂದೆಯಿಂದ ಮಗನಿಗೆ ಇಳಿಯುತ್ತದೆ. 'ಬಂಗಲೆ' ಬಂಗಾಳದ ಮನೆಯ ಮಾದರಿಯಿಂದ ಬಂದ ಪದ. ಅದು ಹುದ್ದೆಯೊಡನೆ ಕೂಡಿಕೊಂಡಿತು. ಒಬ್ಬ ಅಧಿಕಾರಿ ವರ್ಗವಾದಾಗ ಮತ್ತೊಬ್ಬನು ಬಂಗಲೆಗೆ ಬರುತ್ತಾನೆ. ಮಂಜಿಲ್‌ಗೆ ವಂಶವೂ ಇಲ್ಲ, ಹುದ್ದೆಯೂ ಇಲ್ಲ. ಅಲ್ಲಿ ಇಳಿದವರೆಲ್ಲರೂ ಮುಂದೆ ಹೋಗಬೇಕಾದವರೇ. ಅದು ಕೊನೆಗೆ ಪ್ರವಾಸಿ ಮಂದಿರವಾದಾಗ ಕಟ್ಟಡದ ಬಳಕೆ ಹೆಸರಿನ ಮೂಲಾರ್ಥಕ್ಕೆ ಬಂದು ಮುಟ್ಟಿತು. 'ಪ್ರವಾಸಿ' ಎಂಬ ಪದದೊಳಗೂ 'ವಾಸಿ' ಇದ್ದಾನೆ. ಅವನು ತನ್ನ ಊರಿನಿಂದ ದೂರ ವಾಸಿಸುವವನು.

ಟೇಲರನ ಮುಂದಿನ ಬದುಕೂ ಈ ಅರ್ಥವನ್ನು ಸಮರ್ಥಿಸುತ್ತದೆ. ಅವನು ಅನಂತರ ನೆಲೆಸಿದ್ದು ಡಬ್ಲಿನ್ ನಗರದ ಹೊರವಲಯದ ಹೆರಾಲ್ಡ್ಸ್ ಕ್ರಾಸ್‌ನಲ್ಲಿ. 1863ರಲ್ಲಿ ಪ್ರಕಟವಾದ 'ತಾರಾ' ಮೊದಲಾದ ಕಾದಂಬರಿಗಳು ಆ ಕಾಲದವು. 1876ರಲ್ಲಿ ಫ್ರಾನ್ಸಿನ ಮಾಂತೋನಿನಲ್ಲಿ ಅವನು ತೀರಿಕೊಂಡ ಮೇಲೆ, 1878ರಲ್ಲಿ ಬೆಳಕು ಕಂಡ 'ಎ ನೋಬಲ್ ಕ್ವೀನ್' ಕಾದಂಬರಿಯಲ್ಲಿ ರಾಯಚೂರು ಜಿಲ್ಲೆಯ ಜಲದುರ್ಗ ಮತ್ತು ಮುದಗಲ್ಲುಗಳು ಬರುತ್ತವೆ. ಮನೆ ಇಲ್ಲಿ ಉಳಿಯಿತು. ಇಲ್ಲಿನ ನೆಲ ಅವನ ಬರಹದ ಜೊತೆಗೆ ಅಲ್ಲಿಗೆ ಹೋಯಿತು.

5. ಮಾನ್ವಿಯ ಕಂಬ

ಮನೆಯ ಹೆಸರಿನಲ್ಲಿ ಅಲ್ಲಿದ್ದವನ ನೆನಪು ಹೇಗೆ ನಿಲ್ಲುತ್ತದೆ ಎಂಬುದನ್ನು ತಿಳಿಯಲು ದೋ-ಆಬ್‌ನ ಇನ್ನೊಂದು ಮನೆಯನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. 'ಹರಿಕಥಾಮೃತಸಾರ'ವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು (1728-1809) ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಜನಿಸಿ ಮಾನ್ವಿಯಲ್ಲಿ ನೆಲೆಸಿದವರು. ಅವರು ಒರಗಿ ಕುಳಿತುಕೊಳ್ಳುತ್ತಿದ್ದ ಮನೆಯ ಕಂಬದಲ್ಲಿ ಅವರು ಇಂದಿಗೂ ಸನ್ನಿಹಿತರಾಗಿದ್ದಾರೆಂಬುದು ಭಕ್ತರ ನಂಬಿಕೆ. ಆ ಮನೆ ದಾಸರ ಮಂದಿರವಾಗಿ ಪೂಜೆಗೊಳ್ಳುತ್ತ ಬಂದಿದೆ.

ಎರಡು ಮನೆಗಳೂ ಬರಹಗಾರರ ಮನೆಗಳೇ. ಎರಡೂ ಈಗ ಖಾಸಗಿ ವಾಸದ ಮನೆಗಳಲ್ಲ. ಎರಡನ್ನೂ 'ಮಂದಿರ' ಎಂಬ ಪದ ಮುಟ್ಟಿದೆ. ಆದರೆ ಮಾನ್ವಿಯಲ್ಲಿ ವಾಸಿ ಹೋಗಲೇ ಇಲ್ಲವೆಂಬುದು ಮನೆಯ ಅರ್ಥ. ಸುರಪುರದಲ್ಲಿ ವಾಸಿ ಹೊರಟುಹೋದನೆಂಬುದೇ ಮನೆಯ ಅರ್ಥ. ಮಾನ್ವಿಯಲ್ಲಿ ನೆನಪನ್ನು ಕಾಯುವುದು ಆರಾಧನೆ ಮತ್ತು ಹಾಡುಗಾರಿಕೆ. ಅದಕ್ಕೆ ಸರ್ಕಾರದ ಆಸರೆ ಬೇಕಾಗಲಿಲ್ಲ. ಮೂರು ತಲೆಮಾರಿನೊಳಗೆ ಈ ಭಾಗವನ್ನು ಆಳಿದವರು ಹಲವರು ಬದಲಾದರೂ ಕಂಬಕ್ಕೆ ನಡೆಯುವ ಸೇವೆ ಅದರಿಂದ ಬದಲಾಗಲಿಲ್ಲ. ಸುರಪುರದಲ್ಲಿ ನೆನಪನ್ನು ಕಾದದ್ದು ಒಂದು ಹೆಸರು ಮತ್ತು ಒಂದು ಪುಸ್ತಕ. ಈ ಪುಸ್ತಕದ ಸ್ವರೂಪವನ್ನು ಪರಿಶೀಲಿಸದೆ ಮನೆಯ ಚರಿತ್ರೆ ಪೂರ್ಣವಾಗುವುದಿಲ್ಲ.

6. ಒಬ್ಬನೇ ಸಾಕ್ಷಿ

ಟೇಲರನ ಆತ್ಮಕಥೆ 'ದ ಸ್ಟೋರಿ ಆಫ್ ಮೈ ಲೈಫ್' 1877ರಲ್ಲಿ, ಅವನ ಮರಣಾನಂತರ, ಮಗಳು ಆಲಿಸ್‌ಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಸುರಪುರದ ಹತ್ತೊಂಬತ್ತನೆಯ ಶತಮಾನವನ್ನು ಕುರಿತು ಬರೆದವರೆಲ್ಲರೂ ಹೆಚ್ಚು ಕಡಿಮೆ ಇದನ್ನು ಅವಲಂಬಿಸಿದ್ದಾರೆ. ಆದರೆ ಈ ಕೃತಿ ದಿನಚರಿಯಲ್ಲ. ಸುರಪುರವನ್ನು ಬಿಟ್ಟು ಹತ್ತು ವರ್ಷಗಳಿಗೂ ಮೇಲಾದ ನಂತರ, ನುರಿತ ಕಾದಂಬರಿಕಾರನೊಬ್ಬನು ಕಟ್ಟಿದ ಕಥನ. ವೆಂಕಟಪ್ಪ ನಾಯಕನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಾಯುವನೆಂದು ಜಾತಕದಲ್ಲಿ ಮೊದಲೇ ತಿಳಿದಿತ್ತೆಂಬ ಪ್ರಸಂಗವನ್ನು ಅವನು ಹೇಳುವ ರೀತಿಯಲ್ಲಿ ಕಾದಂಬರಿಯ ಹೆಣಿಗೆ ಎದ್ದು ಕಾಣುತ್ತದೆ. ವಿಧಿಯೇ ಕಾರಣವೆಂದಾದಾಗ ಆಡಳಿತದ ಹೊಣೆ ಹಗುರಾಗುತ್ತದೆ ಎಂಬುದನ್ನು ಓದುಗರು ಮರೆಯಬಾರದು. ರಾಣಿ ಈಶ್ವರಮ್ಮ ಆ ಬರಹದಲ್ಲಿ ಬಹುಮಟ್ಟಿಗೆ ಅಡ್ಡಿಯಾಗಿ ಚಿತ್ರಿತಳಾಗಿದ್ದಾಳೆ. ತನ್ನ ಮಗನ ರಾಜ್ಯವನ್ನು ಹೊರಗಿನವನೊಬ್ಬನು ಗುಡ್ಡದ ಮೇಲಿನ ಮನೆಯಿಂದ ಆಳುವುದನ್ನು ಕಂಡ ತಾಯಿಯ ಕಡೆಯಿಂದ ಈ ಕಥೆಯನ್ನು ಓದಿದರೆ ಅದೇ ಸಂಗತಿಗಳು ಬೇರೆ ಅರ್ಥವನ್ನು ಕೊಡುತ್ತವೆ.

ಮನೆಯ ಹೆಸರೂ ಇದೇ ಕೆಲಸವನ್ನು ಮಾಡಿದೆ. ಕಲ್ಲು ಒಡೆದ ವಡ್ಡರು, ಗೋಡೆ ಎತ್ತಿದ ಗವಂಡಿಗಳು, ಬಾಗಿಲು ಕೂಡಿಸಿದ ಬಡಿಗರು ಹೆಸರಿನಲ್ಲಿಲ್ಲ. ಗುಡ್ಡಕ್ಕೆ ನೀರು ಹೊತ್ತವರು, ಅಡಿಗೆ ಮಾಡಿದವರು, ರಾತ್ರಿ ಕಾವಲು ನಿಂತವರು ಅಲ್ಲಿಲ್ಲ. ಪ್ರವಾಸಿ ಮಂದಿರವಾದ ಮೇಲಿನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಇಂಥ ಮಂದಿರಗಳಲ್ಲಿ ಅತಿಥಿ ತಂಗುವುದು ಒಂದೆರಡು ರಾತ್ರಿ; ಅವನ ಹೆಸರು, ಹುದ್ದೆಗಳು ನೋಂದಣಿ ಪುಸ್ತಕದಲ್ಲಿ ದಾಖಲಾಗುತ್ತವೆ. ಖಾನ್ಸಾಮ ಮತ್ತು ಚೌಕೀದಾರ ಇರುವುದು ತಮ್ಮ ಸೇವಾವಧಿಯುದ್ದಕ್ಕೂ. ಅತಿಥಿಗಳ ಪುಸ್ತಕದಲ್ಲಿ ಅವರಿಗೆ ಸಾಲಿಲ್ಲ. ವಾಸದ ಅವಧಿಯನ್ನೇ ಪ್ರಮಾಣವಾಗಿಟ್ಟುಕೊಂಡರೆ ಇಂಥ ಮನೆಯ ನಿಜವಾದ ವಾಸಿಗಳು ಅವರೇ.

ಈ ಕೊರತೆಯನ್ನು ತುಂಬುವ ದಾರಿ ಕನ್ನಡ ಸಂಶೋಧನೆಯ ಕೈಯಲ್ಲೇ ಇದೆ. ಕಪಟರಾಳ ಕೃಷ್ಣರಾಯರಂಥ ವಿದ್ವಾಂಸರು ಸುರಪುರದ ಚರಿತ್ರೆಯನ್ನು ಕನ್ನಡದಲ್ಲಿ ಬರೆದು ದಾರಿ ತೋರಿಸಿದ್ದಾರೆ. ಮುಂದಿನ ಹೆಜ್ಜೆ ವಂಶದ ಚರಿತ್ರೆಯಿಂದ ವಾಸದ ಚರಿತ್ರೆಯ ಕಡೆಗೆ ಇಡಬೇಕಾದದ್ದು. ಮೋಡಿ, ಪಾರಸಿ, ಉರ್ದು ದಫ್ತರಗಳನ್ನು ಓದಬಲ್ಲ ವಿದ್ವಾಂಸರ ಸಂಖ್ಯೆ ಕುಗ್ಗುವ ಮೊದಲೇ ಈ ಕೆಲಸ ನಡೆಯಬೇಕು. ಜೊತೆಗೆ ಕಾವಲುಗಾರರ, ಅಡಿಗೆಯವರ ಕುಟುಂಬಗಳಲ್ಲಿ ಉಳಿದಿರಬಹುದಾದ ಮೌಖಿಕ ಕಥನಗಳ ಸಂಗ್ರಹವೂ ಆಗಬೇಕು. ಕನ್ನಡ ವಿಭಾಗಗಳ ಜಾನಪದ ಕ್ಷೇತ್ರಕಾರ್ಯ ಹಾಡು ಮತ್ತು ಕಥೆಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಮನೆಗಳ ನೆನಪನ್ನು ಸಂಗ್ರಹಿಸಿಲ್ಲ.

ಸಮಾರೋಪ

ಟೇಲರ್ ಮಂಜಿಲ್‌ನ ಚರಿತ್ರೆಯಲ್ಲಿ ಒಡೆತನ ಮತ್ತು ವಾಸ ಒಂದೇ ಕೈಯಲ್ಲಿ ಕೂಡಿ ನಿಂತಂತೆ ತೋರುವುದಿಲ್ಲ. ವಾಸಿಸಿದವನು ಒಡೆಯನಾಗಿರಲಿಲ್ಲ. ಅಧಿಕಾರಕ್ಕೆ ಬಂದ ರಾಜನ ಆಳ್ವಿಕೆ ಐದು ವರ್ಷದೊಳಗೆ ಮುಗಿಯಿತು. ನಂತರ ಬಂದ ಒಡೆಯರು ವ್ಯಕ್ತಿಗಳಲ್ಲ, ಸರ್ಕಾರಗಳು. ಒಡೆತನ ಒಪ್ಪಂದದ ಕಾಗದದಲ್ಲಿತ್ತು; ಕಾಗದ ಬದಲಾದಂತೆ ಅದು ಬದಲಾಯಿತು. ಹೆಸರು ಜನರ ಬಾಯಿಯಲ್ಲಿತ್ತು, ಆದ್ದರಿಂದ ಉಳಿಯಿತು. ಆದರೆ ಉಳಿದ ಹೆಸರು ನ್ಯಾಯವಾದ ಹೆಸರೆಂದು ಭಾವಿಸಬೇಕಾಗಿಲ್ಲ. ಅದು ಬರೆದಿಟ್ಟವನ ಹೆಸರು. ಸಮಾಧಾನದ ಸಂಗತಿಯೆಂದರೆ ಅದೇ ಹೆಸರಿನ ಎರಡನೆಯ ಪದ ಮೊದಲನೆಯ ಪದದ ಹಕ್ಕನ್ನು ಮಿತಗೊಳಿಸುತ್ತದೆ. ಟೇಲರನದು ಎಂದು ಹೇಳಿದ ಕ್ಷಣವೇ, ಅದು ಅವನು ಇಳಿದು ಹೋದ ತಾಣ ಮಾತ್ರ ಎಂದೂ ಅದು ಹೇಳುತ್ತದೆ. ಆ ತಾಣದಲ್ಲಿ ಅವನ ಜೊತೆಗೂ ಅವನ ನಂತರವೂ ಇದ್ದವರ ಹೆಸರುಗಳನ್ನು ಹುಡುಕಿ ಸೇರಿಸುವುದು ಮುಂದಿನ ಅಧ್ಯಯನಕ್ಕೆ ಉಳಿದಿರುವ ಹೊಣೆಯಾಗಿದೆ.